ಹಳೆಯ ಗೇಮ್ ಬಾಯ್ ರಿಪೇರಿ: ತುಕ್ಕು, ಕೊಳೆ, ಗೆರೆ ಬಿದ್ದ ಸ್ಕ್ರೀನ್, ಸತ್ತ ಸೇವ್ ಬ್ಯಾಟರಿ

ನಿಂಟೆಂಡೊ 1989ರಲ್ಲಿ ತಂದ ಮೊದಲ ಗೇಮ್ ಬಾಯ್, ಹಿಂಬದಿಯಲ್ಲಿ ಡಿಎಂಜಿ-01 ಎಂದು ಅಚ್ಚಾಗಿರುವ ಕೈಯಲ್ಲಿ ಹಿಡಿದು ವಿಡಿಯೊ ಗೇಮ್ ಆಡುವ ಆ ದಪ್ಪ ಬೂದು ಡಬ್ಬಿ, ಅಷ್ಟು ಸುಲಭಕ್ಕೆ ಸಾಯುವ ಯಂತ್ರವಲ್ಲ. ‘ಕೆಟ್ಟಿದೆ’ ಎಂದು ಕಡಿಮೆ ಬೆಲೆಗೆ ಸಿಗುವವುಗಳಲ್ಲಿ ಎಷ್ಟೋ ಪೀಸ್‌ಗಳಿಗೆ ಬೇಕಾಗಿರುವುದು ಬರೀ ಸ್ವಚ್ಛತೆ. ಮೊದಲು ಕರೆಂಟ್ ಸರಿಯಾಗಿ ಬರುತ್ತಿದೆಯೇ ನೋಡಿ, ಆಮೇಲೆ ಕಾರ್ಟ್ರಿಜ್ (ಗೇಮ್ ತುಂಬಿರುವ, ಯಂತ್ರಕ್ಕೆ ಸಿಕ್ಕಿಸುವ ಬಿಲ್ಲೆ), ಎಲ್ಲಕ್ಕಿಂತ ಕೊನೆಗೆ ಸ್ಕ್ರೀನ್. ಈ ಕ್ರಮ ತಪ್ಪಿದರೆ ಚೆನ್ನಾಗಿದ್ದ ಭಾಗವನ್ನೇ ಕೈಯಾರೆ ಕೆಡಿಸಿಕೊಳ್ಳುತ್ತೀರಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಹೊರಗಿನ ಸ್ಕ್ರೂಗಳಿಗೆ ಮೂರು ಸೀಳಿನ ಟ್ರೈವಿಂಗ್ ಡ್ರೈವರ್, ಒಳಗಿನವಕ್ಕೆ ಸಣ್ಣ ಫಿಲಿಪ್ಸ್, ಕಾರ್ಟ್ರಿಜ್‌ಗೆ ವಿಶೇಷ ತುದಿಯ 3.8 ಮಿ.ಮೀ. ಗೇಮ್‌ಬಿಟ್. ಇದರ 4.5 ಮಿ.ಮೀ. ಅಳತೆಯದು ಸೂಪರ್ ನಿಂಟೆಂಡೊದಂಥ ಕನ್ಸೋಲ್‌ಗಳಿಗೆ. ಆರ್ಡರ್ ಮಾಡುವಾಗ ಗಮನಿಸಿ. ಜೊತೆಗೆ ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲ್ (ಮುಂದೆ ಐಪಿಎ ಎನ್ನೋಣ), ಹತ್ತಿಯ ಬಡ್, ಹಳೆಯ ಟೂತ್‌ಬ್ರಷ್, ಮಲ್ಟಿಮೀಟರ್, ಶಾಖ ಹೊಂದಿಸಬಹುದಾದ ಸೋಲ್ಡರಿಂಗ್ ಐರನ್. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಒಂದು ಸುತ್ತಿನಲ್ಲಿ ಇವುಗಳಲ್ಲಿ ಹೆಚ್ಚಿನವು ಸಿಗುತ್ತವೆ. ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ನೀರಿನಂಶ ಜಾಸ್ತಿ, ಬೋರ್ಡಿಗೆ ಅದು ಬೇಡ.

ಬ್ಯಾಟರಿ ಗೂಡಿನಿಂದ ಶುರು ಮಾಡಿ. ಸ್ಪ್ರಿಂಗ್‌ಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಸೆಲ್ ಸೋರಿದೆ ಎಂದರ್ಥ. ಯಾವ ಸೆಲ್ ಎಂಬುದು ಇಲ್ಲಿ ಮುಖ್ಯ. ಆಲ್ಕಲೈನ್ ಸೆಲ್‌ನಿಂದ ಬರುವುದು ಕ್ಷಾರ. ಅದಕ್ಕೆ ಅಡುಗೆಮನೆಯ ಬಿಳಿ ವಿನೆಗರ್ ಸಾಕು. ನಮ್ಮಲ್ಲಿ ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಜಿಂಕ್-ಕಾರ್ಬನ್ ಸೆಲ್‌ನ ಸೋರಿಕೆ ಆಮ್ಲೀಯ, ಅದಕ್ಕೆ ವಿನೆಗರ್ ಹಚ್ಚಿದರೆ ತುಕ್ಕಿಗೆ ಇನ್ನಷ್ಟು ಮೇವು ಹಾಕಿದಂತೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಅದರಿಂದ ಒರೆಸಿ. ಎರಡರಲ್ಲಿ ಯಾವುದೇ ಆದರೂ ಬಳಿಕ ಒದ್ದೆ ಬಡ್‌ನಿಂದ ಒರೆಸಿ, ಕೊನೆಗೆ ಐಪಿಎ ಹಚ್ಚಿ ಒಣಗಿಸಿ. ಕೈಗೆ ಗ್ಲವ್ಸ್ ಇರಲಿ.

ಈಗ 4 ಹೊಸ ಎಎ ಸೆಲ್ ಹಾಕಿ ಆನ್ ಮಾಡಿ. ಅಡಾಪ್ಟರ್ ಚುಚ್ಚಿ ನೋಡುವ ಆತುರ ಬೇಡ: ಈ ಯಂತ್ರಕ್ಕೆ ಬೇಕಾದುದು 6 ವೋಲ್ಟ್, ಅದೂ ನಡುವಿನ ಪಿನ್ ನೆಗೆಟಿವ್ ಇರುವ ಅಡಾಪ್ಟರ್. ಅಂಗಡಿಯಲ್ಲಿ ಸುಲಭವಾಗಿ ಸಿಗುವವು ಹೆಚ್ಚಾಗಿ ಇದಕ್ಕೆ ತದ್ವಿರುದ್ಧ. ಕೆಂಪು ದೀಪ ಮಂಕಾಗಿ ಉರಿದರೆ, ಗೇಮ್ ಮಧ್ಯೆ ತಾನಾಗಿ ರೀಸೆಟ್ ಆದರೆ, ಪವರ್ ಸ್ವಿಚ್ ಮುಟ್ಟಿದಾಗ ಪರದೆ ಅದುರಿದರೆ, ಅನುಮಾನ ಆ ಸ್ವಿಚ್‌ನ ಮೇಲೆಯೇ ಇರಲಿ. ಒಳಗಿನ ಲೋಹಕ್ಕೆ ಪದರ ಕಟ್ಟಿ ಅಲ್ಲೇ ವೋಲ್ಟೇಜ್ ಇಳಿಯುತ್ತಿರುತ್ತದೆ. ಸೆಲ್ ತೆಗೆದು, ಸ್ವಿಚ್‌ನ ಸಂದಿಗೆ ಎರಡು ಮೂರು ಹನಿ ಐಪಿಎ ಬಿಟ್ಟು, 40-50 ಸಲ ಅತ್ತಿತ್ತ ಜಾರಿಸಿ. ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು ಬಂದರೆ ಆ ಚಕ್ರಕ್ಕೂ ಇದೇ ಮದ್ದು. ಹೆಡ್‌ಫೋನ್‌ನಲ್ಲಿ ಸದ್ದಿದ್ದು ಸ್ಪೀಕರ್ ಮೂಕವಾಗಿದ್ದರೆ ಹೆಡ್‌ಫೋನ್ ಜ್ಯಾಕ್‌ನೊಳಗಿನ ಸಂಪರ್ಕ ಕೂತಿಲ್ಲ. ಪ್ಲಗ್ಗಿಗೆ ಐಪಿಎ ಹಚ್ಚಿ ಹಲವು ಸಲ ಹಾಕಿ ತೆಗೆಯಿರಿ.

ಕಂಡ ಕಂಡ ಕೆಪಾಸಿಟರ್ ಬದಲಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಸೆಗಾ ಕಂಪನಿಯ ಕೈ ಯಂತ್ರ ಗೇಮ್ ಗೇರ್‌ಗೆ ಅದು ನಿಜ, ಅದರ ಕೆಪಾಸಿಟರ್‌ಗಳು ಸೋರಿ ಬೋರ್ಡನ್ನೇ ತಿನ್ನುತ್ತವೆ. ಗೇಮ್ ಬಾಯ್‌ನಲ್ಲಿ ಸದ್ದು ಕ್ಷೀಣಿಸಿದ್ದರೆ ಮಾತ್ರ ಅತ್ತ ಗಮನ ಕೊಡಿ.

ದೀಪ ಉರಿಯುತ್ತಿದೆ, ಆದರೆ ಮೇಲಿನಿಂದ ಇಳಿಯುವ ನಿಂಟೆಂಡೊ ಲೋಗೊ ಬದಲು ಕಪ್ಪು ಪಟ್ಟಿಯೋ ಕಲಸಿದ ಅಕ್ಷರಗಳೋ ಬಂದು ನಿಂತರೆ ಹೆದರಬೇಡಿ. ಆ ಲೋಗೊವನ್ನು ಯಂತ್ರ ಓದುವುದು ಕಾರ್ಟ್ರಿಜ್‌ನಿಂದ. ಅಲ್ಲಿರುವ 48 ಬೈಟ್‌ಗಳನ್ನು ತನ್ನೊಳಗಿನ ಪ್ರತಿಯೊಂದಿಗೆ ಹೋಲಿಸಿ, ಹೊಂದದಿದ್ದರೆ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಕಲಸಿದ ಲೋಗೊ ಎಂದರೆ ಪ್ರೊಸೆಸರ್, ಸ್ಕ್ರೀನ್ ಕೆಲಸ ಮಾಡುತ್ತಿವೆ, 32 ಪಿನ್‌ಗಳಲ್ಲಿ ಯಾವುದೋ ಒಂದೆರಡು ತಾಗುತ್ತಿಲ್ಲ. ಇದರಷ್ಟು ಒಳ್ಳೆಯ ಪರೀಕ್ಷೆ ಯಾವ ಉಪಕರಣದಲ್ಲೂ ಇಲ್ಲ.

ಕಾರ್ಟ್ರಿಜ್‌ನ ಪಿನ್‌ಗಳನ್ನು ಐಪಿಎ ಅದ್ದಿದ ಬಡ್‌ನಿಂದ ಉದ್ದಕ್ಕೆ ಉಜ್ಜಿ. ಬಡ್ ಕಪ್ಪಾಗುವುದು ನಿಲ್ಲುವ ತನಕ ಹೊಸ ಹೊಸ ಬಡ್ ತೆಗೆದುಕೊಳ್ಳಿ. ಕಲೆ ಬಿಡದಿದ್ದರೆ ಮೃದುವಾದ ಬಿಳಿ ರಬ್ಬರ್‌ನಿಂದ ಹಗುರವಾಗಿ ಒಂದೆರಡು ಸಲ. ಮರಳು ಕಾಗದ ಖಂಡಿತ ಬೇಡ: ಚಿನ್ನದ ಲೇಪ ತೀರ ತೆಳು, ಅದು ಹೋದರೆ ಕೆಳಗಿನ ತಾಮ್ರ ಮುಂದಿನ ಮಳೆಗಾಲಕ್ಕೇ ಹಸಿರಾಗುತ್ತದೆ. ಬಾಯಿಂದ ಊದುವುದೂ ಅಷ್ಟೇ ಕೆಟ್ಟದ್ದು, ಉಗುಳಿನ ತೇವ ಪಿನ್‌ಗಳ ಮೇಲೆ ಕೂರುತ್ತದೆ. ಕನ್ಸೋಲ್ ಕಡೆಯ ಸ್ಲಾಟ್‌ಗೆ, ಶುಚಿಯಾದ ಕಾರ್ಟ್ರಿಜ್‌ನ ಪಿನ್‌ಗಳಿಗೆ ಐಪಿಎ ಸವರಿ ಹತ್ತಾರು ಸಲ ಹಾಕಿ ತೆಗೆಯಿರಿ, ಪೂರ್ತಿ ಒಣಗಿದ ಮೇಲಷ್ಟೇ ಆನ್ ಮಾಡಿ.

ಗುಂಡಿಗಳು ಸರಿಯಾಗಿ ಒತ್ತದಿದ್ದರೆ ಡಬ್ಬಿ ಬಿಚ್ಚಬೇಕು. ಹಿಂದೆ 6 ಸ್ಕ್ರೂ ಇವೆ, ಅದರಲ್ಲಿ 2 ಬ್ಯಾಟರಿ ಗೂಡಿನೊಳಗೆ. ಎರಡು ಭಾಗಗಳನ್ನು ಜೋರಾಗಿ ಬೇರ್ಪಡಿಸಬೇಡಿ. ನಡುವೆ ಅಗಲವಾದ ರಿಬ್ಬನ್ ಕೇಬಲ್ ಇದೆ, ಅದನ್ನು ಕನೆಕ್ಟರ್‌ನಿಂದ ನೇರವಾಗಿ, ಎರಡೂ ಅಂಚು ಹಿಡಿದು ಬಿಡಿಸಿ. ಪ್ಲಾಸ್ಟಿಕ್ ಗುಂಡಿ, ರಬ್ಬರ್ ಪ್ಯಾಡ್‌ಗಳನ್ನು ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಪ್ಯಾಡ್‌ನ ಕಪ್ಪು ಕಾರ್ಬನ್ ಚುಕ್ಕೆಗಳನ್ನು ತಿಕ್ಕಬಾರದು, ಅವುಗಳೇ ಸ್ವಿಚ್.

ಪರದೆಯಲ್ಲಿ ಮೇಲಿನಿಂದ ಕೆಳಕ್ಕೆ ಗೆರೆಗಳು ಕಾಣೆಯಾಗಿದ್ದರೆ ರಿಪೇರಿ ಸಾಧ್ಯ. ಗಾಜಿನ ಕೆಳ ಅಂಚಿಗೆ ಅಂಟಿಸಿದ ತೆಳು ರಿಬ್ಬನ್ ಸಡಿಲಾಗಿದೆ, ಅಂಟು ಕಾದರೆ ಮತ್ತೆ ಕೂರುತ್ತದೆ. ಮೇಲಿನ ರಬ್ಬರ್ ಪಟ್ಟಿಯನ್ನು ಸರಿಸಿ, ಯಂತ್ರವನ್ನು ಆನ್ ಇಟ್ಟು ಕಾಂಟ್ರಾಸ್ಟ್ ಪೂರ್ತಿ ಏರಿಸಿ. ಐರನ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು, ಗೆರೆ ತಪ್ಪಿದ ಜಾಗದ ನೇರಕ್ಕೆ ರಿಬ್ಬನ್ ಮೇಲೆ ಹಗುರವಾಗಿ ಒತ್ತಿ ಎಳೆಯಿರಿ. ಒಂದೇ ಕಡೆ ನಿಲ್ಲಿಸಬೇಡಿ, ಗಾಜಿಗೆ ತಾಗಿಸಬೇಡಿ. ಕಳೆದುಹೋದ ಗೆರೆ ಕಣ್ಣೆದುರೇ ಒಂದೊಂದಾಗಿ ಮರಳಿ ಮೂಡುತ್ತದೆ! ಅಡ್ಡ ಗೆರೆಗಳು ಕಾಣೆಯಾಗಿದ್ದರೆ ಇದನ್ನು ಮಾಡಬೇಡಿ, ಪಕ್ಕದ ರಿಬ್ಬನ್ ಕಾವಿಗೆ ಹೆಚ್ಚಾಗಿ ಇನ್ನೂ ಕೆಡುತ್ತದೆ. ಅಲ್ಲಿ ಸ್ಕ್ರೀನ್ ಬದಲಿಸುವುದೇ ದಾರಿ.

ಇನ್ನು ಸೇವ್ ಬ್ಯಾಟರಿ. ಪೋಕೆಮಾನ್‌ನಂಥ ಗೇಮ್‌ಗಳು ಸೇವ್ ಇಟ್ಟುಕೊಳ್ಳುವುದು 3 ವೋಲ್ಟ್‌ನ ಗುಂಡಿ ಸೆಲ್ ಜೀವ ಹಿಡಿದಿಟ್ಟ ರ‍್ಯಾಮ್‌ನಲ್ಲಿ. ಸೆಲ್ ಕಿತ್ತರೆ ಸೇವ್ ಹೋಯಿತು. ಯಾರದೋ ಬಾಲ್ಯದ ಆಟ ಅದರಲ್ಲಿ ಉಳಿದಿದ್ದರೆ ಮೊದಲು ಕಾರ್ಟ್ರಿಜ್ ರೀಡರ್‌ನಿಂದ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಹಳೆಯ ಸೆಲ್ ಮೇಲಿನ ಸಂಖ್ಯೆ ಓದಿ ಅದೇ ತನ್ನಿ. ಪೋಕೆಮಾನ್ ಗೋಲ್ಡ್, ಸಿಲ್ವರ್‌ಗಳಲ್ಲಿ ಗಡಿಯಾರವೂ ಓಡುವುದರಿಂದ ಸಿಆರ್2025 ಇದೆ, ಬೇಗ ಖಾಲಿಯಾಗುವುದೂ ಅದೇ ಕಾರಣಕ್ಕೆ. ಅದರ ಜಾಗಕ್ಕೆ ಸಿಆರ್2032 ತುರುಕಿದರೆ 0.7 ಮಿ.ಮೀ. ದಪ್ಪ ಹೆಚ್ಚಾಗಿ ಕಾರ್ಟ್ರಿಜ್ ಉಬ್ಬುತ್ತದೆ. ಲೋಹದ ಪಟ್ಟಿ ವೆಲ್ಡ್ ಆಗಿ ಬರುವ ಸೆಲ್ಲನ್ನೇ ಕೊಳ್ಳಿ. ಬರಿಯ ಸೆಲ್‌ಗೆ ನೇರವಾಗಿ ಬೆಸುಗೆ ಹಾಕಿದರೆ ಕಾದು ಸಿಡಿಯಬಹುದು, ಟೇಪ್ ಸುತ್ತಿದರೆ ಸಂಪರ್ಕ ತಪ್ಪಿ ಸೇವ್ ಅಳಿಯುತ್ತದೆ. ಬೋರ್ಡ್ ಮೇಲಿನ ಪ್ಲಸ್ ಗುರುತಿಗೆ ಹೊಂದಿಸಿ ಬೆಸೆದು, ಒಂದು ಗೇಮ್ ಸೇವ್ ಮಾಡಿ ಮರುದಿನ ನೋಡಿ.

ಮುಚ್ಚುವಾಗ ಪ್ರತಿ ಸ್ಕ್ರೂವನ್ನೂ ಮೊದಲು ಹಿಂದಕ್ಕೆ ತಿರುಗಿಸಿ. ಹಳೆಯ ಸೀಳಿಗೆ ಅದು ಟಕ್ಕೆಂದು ಬಿದ್ದ ಮೇಲೆ ಮುಂದಕ್ಕೆ ತಿರುಗಿಸಿ, ಇಲ್ಲವಾದರೆ ಪ್ಲಾಸ್ಟಿಕ್‌ನಲ್ಲಿ ಹೊಸ ಸೀಳು ಕೊರೆದು ಹಿಡಿತ ಹೋಗುತ್ತದೆ. ಕರಾವಳಿ, ಮಲೆನಾಡಿನವರು ಯಂತ್ರ ಇಡುವ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ, ಮತ್ತು ಆಡದ ದಿನಗಳಲ್ಲಿ ಎಎ ಸೆಲ್‌ಗಳನ್ನು ತೆಗೆದೇ ಇಡಿ.