ಅಂಗಳಕ್ಕೆ ಇಂಟರ್‌ಲಾಕ್ ಹಾಸುವ ಮೊದಲು

ಒಕ್ಕಲಾದ ಮರುವಾರವೇ ಅಂಗಳಕ್ಕೆ ಇಂಟರ್‌ಲಾಕ್ ಹಾಸಬೇಕೆಂಬ ಅವಸರ ಈಗ ಎಲ್ಲ ಹೊಸ ಮನೆಯವರಿಗೂ. ಒಂದು ಮಳೆಗಾಲ ತಡೆದುಕೊಳ್ಳಿ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಸಾವಿರ ಚದರಡಿ ಮಾಡಿನ ಮೇಲೆ ಬೀಳುವ ನೀರೇ 3 ಲಕ್ಷ ಲೀಟರಿಗೆ ಮಿಕ್ಕಿ ಆಗುತ್ತದೆ. ಅಷ್ಟು ನೀರು ನಿಮ್ಮ ಜಾಗದಲ್ಲಿ ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಮೂಲೆಯಲ್ಲಿ ಪಾಚಿ ಹಿಡಿಯುತ್ತದೆ, ಆಟಿ ತಿಂಗಳ (ಜುಲೈ-ಆಗಸ್ಟ್) ಗಾಳಿ ಯಾವ ಮಗ್ಗುಲಿಗೆ ಹೊಡೆಯುತ್ತದೆ ಎಂದು ಕೊಡೆ ಹಿಡಿದುಕೊಂಡು ನೋಡಿ. ತೋಟದ ಅರ್ಧ ನಕ್ಷೆ ಅಲ್ಲಿಯೇ ಸಿಗುತ್ತದೆ. ಇಂಟರ್‌ಲಾಕ್ ಬೇಕೇ ಬೇಕಾದರೆ ಕಾರು ನಿಲ್ಲುವಷ್ಟಕ್ಕೆ, ಅಡಿಕೆ ಒಣಗಿಸುವಷ್ಟಕ್ಕೆ ಹಾಕಿಸಿ. ಉಳಿದದ್ದು ಮಣ್ಣಾಗಿಯೇ ಇರಲಿ.

ಬದಿಯಡ್ಕದ ಹತ್ತಿರ ಮನೆ ಕಟ್ಟಿಸಿದ ಅಣ್ಣನ ಮಗಳು, ‘ಅತ್ತೇ, ಹಕ್ಕಿ, ಪಾತರಗಿತ್ತಿ ಬರಬೇಕು, ಅಡುಗೆಗೂ ನಾಲ್ಕು ಸೊಪ್ಪು ಸಿಗಬೇಕು, ಏನೇನು ನೆಡಲಿ?’ ಎಂದು ಫೋನು ಮಾಡಿದ್ದಳು. ನೆಡುವ ಮಾತು ಆಮೇಲೆ, ಏನನ್ನು ಕಡಿಸಬಾರದೆಂದು ಮೊದಲು ಕೇಳು ಎಂದೆ. ಜೆಸಿಬಿ ಬಂದ ದಿನವೇ ಗುಡ್ಡೆಯ ಬದಿಯ ಕುಂಟಾಲ, ಕರಂಡೆ, ಕೇಪುಳ ಎಲ್ಲ ಬುಡಸಮೇತ ಹೋಗುತ್ತವೆ. ಆಮೇಲೆ ನರ್ಸರಿಗೆ ಹೋಗಿ ದುಡ್ಡು ಕೊಟ್ಟು ಕ್ರೋಟನ್ ತರುತ್ತೇವೆ. ಕುಂಟಾಲದ ಹಣ್ಣಿಗೆ ಪಿಕಳಾರ ಬರುತ್ತದೆ, ಮಕ್ಕಳ ನಾಲಗೆಯೂ ನೇರಳೆಯಾಗುತ್ತದೆ. ಕೇಪುಳದ ಹೂವಿಗೆ ಪಾತರಗಿತ್ತಿ, ಹಣ್ಣಿಗೆ ಹಕ್ಕಿ. ಕರಂಡೆ ಮುಳ್ಳಿನ ಬೇಲಿಯೂ ಹೌದು, ಉಪ್ಪಿನಕಾಯಿಯೂ ಹೌದು. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಯಾರೂ ನೀರು ಹಾಕದೆ ಬದುಕಿದ ಗಿಡಗಳಿವು. ಹತ್ತು ಸೆಂಟ್ಸ್ ಜಾಗವಿದ್ದರೂ ಒಂದು ಸೆಂಟ್ಸಿನಷ್ಟನ್ನು ಇವುಗಳಿಗೆ ಬಿಡಬಹುದು. ಬಿಡುವುದೆಂದರೆ ಬಿಟ್ಟೇಬಿಡುವುದು. ವರ್ಷಕ್ಕೊಮ್ಮೆ ಕಮ್ಯುನಿಸ್ಟ್ ಗಿಡವೆಂಬ ಕಳೆಯನ್ನು ಮಾತ್ರ ಕಿತ್ತರೆ ಸಾಕು. ನೆಲ ಮುಚ್ಚಲೆಂದು ಹಳದಿ ಹೂವಿನ ವೆಡೇಲಿಯ ಬಳ್ಳಿ ತರಬೇಡಿ. ಒಂದು ತುಂಡು ಹೊರಗೆ ಬಿದ್ದರೂ ತೋಡಿನುದ್ದಕ್ಕೂ ಹಬ್ಬಿ ಬೇರೆ ಹುಲ್ಲು ಕಡ್ಡಿ ಏಳದ ಹಾಗೆ ಮಾಡುತ್ತದೆ.

ಇನ್ನು ನೆಡುವ ಮಾತು. ಹೂವಿನ ಗಿಡ ನೆಟ್ಟರೆ ಪಾತರಗಿತ್ತಿ ಬಂದು ಜೇನು ಕುಡಿದು ಹೋಗುತ್ತದೆ, ಅಷ್ಟೆ. ಅದು ನಿಮ್ಮಲ್ಲೇ ಉಳಿಯಬೇಕಾದರೆ ಅದರ ಹುಳಕ್ಕೆ ಎಲೆ ಬೇಕು. ಒಂದೊಂದು ಜಾತಿಗೆ ಒಂದೊಂದು ಎಲೆ, ಬೇರೆ ಕೊಟ್ಟರೆ ಮುಟ್ಟುವುದಿಲ್ಲ. ಕರಿಬೇವು, ನಿಂಬೆ, ಕಂಚಿಹುಳಿಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಅಂಟಿಕೊಂಡಿರುವ ಹುಳವನ್ನು ಕಂಡಿರಬಹುದು. ಬೆಳೆದ ಮೇಲೆ ಹಸಿರಾಗುತ್ತದೆ, ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೋಡು ಹೊರಚಾಚಿ ನಾತ ಬಿಡುತ್ತದೆ. ದೊಡ್ಡ ಕಪ್ಪು ಪಾತರಗಿತ್ತಿಗಳಾಗುವುದು ಅವೇ. ಬಿಸು ಕಣಿಗೆ ಇಡುವ ಕಕ್ಕೆಯ ಎಲೆಯಲ್ಲಿ ತಿಳಿ ಹಳದಿ ಪಾತರಗಿತ್ತಿ, ಸಂಪಿಗೆಯಲ್ಲಿ ಹಸಿರು ಚುಕ್ಕೆಯ ಬಾಲದ ಪಾತರಗಿತ್ತಿ, ಎಕ್ಕೆಯಲ್ಲಿ ಕೇಸರಿ ಬಣ್ಣದ್ದು ಮೊಟ್ಟೆ ಇಡುತ್ತವೆ. ಮಳೆ ಶುರುವಾದ ಕೂಡಲೇ ಬೇಲಿ ಬದಿಯಲ್ಲಿ ತಾನಾಗಿ ಏಳುವ ತಗಟೆಯ ಎಳೆಕುಡಿಯನ್ನು ನಾವು ಆಟಿಯಲ್ಲಿ ಪಲ್ಯ ಮಾಡುತ್ತೇವೆ. ಬಲಿತ ಎಲೆಯನ್ನು ಪುಟ್ಟ ಹಳದಿ ಪಾತರಗಿತ್ತಿಯ ಹುಳಕ್ಕೆ ಬಿಟ್ಟರಾಯಿತು. ಕರಿಬೇವಿನ ವಿಚಾರದಲ್ಲಿ ಸೊಸೆಯಂದಿರು ಸ್ವಲ್ಪ ಮುಖ ಸಿಂಡರಿಸುತ್ತಾರೆ. ಎರಡು ಗಿಡ ನೆಡಿ, ಒಂದು ಒಗ್ಗರಣೆಗೆ, ಒಂದು ಹುಳಕ್ಕೆ. ಒಗ್ಗರಣೆಯ ಗಿಡದಲ್ಲಿ ಹುಳ ಕಂಡರೆ ಕಡ್ಡಿಯಲ್ಲಿ ಎತ್ತಿ ಇನ್ನೊಂದಕ್ಕೆ ಬಿಡುವ ಕೆಲಸವನ್ನು ಮಕ್ಕಳು ಜಗಳಾಡಿಕೊಂಡು ಮಾಡುತ್ತಾರೆ.

ಕರ್ನಾಟಕದವರು ರಾಜ್ಯದ ಚಿಟ್ಟೆಯೆಂದು ಆರಿಸಿಕೊಂಡ, ಕಪ್ಪು ಹಳದಿಯ ಅಂಗೈ ಮೀರುವ ಪಾತರಗಿತ್ತಿ ನಮ್ಮ ಗುಡ್ಡೆಗಳಲ್ಲೂ ಇದೆ. ಅದಕ್ಕೆ ಈಶ್ವರಬಳ್ಳಿ ಬೇಕು. ಅರೆನೆರಳಿನಲ್ಲಿ ಪೇರಳೆ ಮರಕ್ಕೋ ಬೇಲಿಗೂಟಕ್ಕೋ ಹಬ್ಬಿಸಿ. ಒಂದು ಎಚ್ಚರಿಕೆ: ಈ ಬಳ್ಳಿಯ ಬೇರು ಹಾವಿನ ವಿಷಕ್ಕೆ ಮದ್ದೆಂದು ಹಿಂದೆ ಅರೆದು ಕುಡಿಸುತ್ತಿದ್ದರು. ಮೂತ್ರಪಿಂಡ ಹಾಳುಮಾಡುವ ಅಂಶ ಅದರಲ್ಲಿದೆ, ಮದ್ದೆಂದು ಯಾರೂ ಬಾಯಿಗೆ ಹಾಕಬಾರದು.

ಹುಳವಾಯಿತು ಎಂದ ಕೂಡಲೇ ಸ್ಪ್ರೇ ಬಾಟಲಿಗೆ ಕೈ ಹೋಗುವವರಿಗೆ ಈ ಜಿಲ್ಲೆಯ ಕತೆಯನ್ನು ಬೇರೆ ಹೇಳಬೇಕಾಗಿಲ್ಲ. ಗೇರು ತೋಟದ ಟೀ ಸೊಳ್ಳೆ ಎಂಬ ತಿಗಣೆಗೆಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು 2000ನೇ ಇಸವಿಯವರೆಗೆ, ಎರಡು ದಶಕಗಳಷ್ಟು ಕಾಲ. ಪಡ್ರೆ, ಸ್ವರ್ಗ, ಎಣ್ಮಕಜೆ ಕಡೆಯ ಮನೆಗಳು ಅದರ ಫಲವನ್ನು ಇಂದಿಗೂ ಉಣ್ಣುತ್ತಿವೆ. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆದದ್ದು 2011ರ ಮೇ ತಿಂಗಳಲ್ಲಿ. ಅದೇ ಟೀ ಸೊಳ್ಳೆಯನ್ನು ಹಿಡಿದು ತಿನ್ನುವ, ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಗೇರುಮರದಲ್ಲೇ ಇತ್ತು ಎಂಬುದು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ವಿಷಯ. ಮನೆಯ ಗೇರು, ಮಾವಿನ ಮರದಲ್ಲಿ ಚಗಳಿ ಗೂಡಿದ್ದರೆ ಸುಡಬೇಡಿ. ಕೊಯ್ಯುವಾಗ ಕಚ್ಚುತ್ತದೆ, ನಿಜ. ಕೆಲವು ಕಡೆ ಬಿಳಿ ಹಿಟ್ಟುತಿಗಣೆಯನ್ನೂ ಸಾಕಿಕೊಳ್ಳುತ್ತದೆ. ಹಾಗಾಗಿ ಅಂಗಳದ ದಾಸವಾಳಕ್ಕೆ, ಮಕ್ಕಳು ಹತ್ತುವ ಪೇರಳೆಗೆ ಬೇಡ, ದೂರದ ಮರಗಳಲ್ಲಿರಲಿ. ಬಸಳೆ, ಅಲಸಂಡೆ, ತೊಂಡೆಯ ಚಪ್ಪರಕ್ಕಂತೂ ಯಾವ ವಿಷವೂ ಬೇಡ. ಅಲಸಂಡೆಯ ಕುಡಿಯಲ್ಲಿ ಕಪ್ಪು ಹೇನು ತುಂಬಿದರೆ ನೀರು ರಭಸವಾಗಿ ಹಾರಿಸಿ. ಎರಡು ಮೂರು ದಿನ ಕಾದರೆ ಗುಲಗಂಜಿ ಹುಳಗಳು ಬಂದು ತಿನ್ನುವುದನ್ನು ನೋಡಬಹುದು. ಅಡಿಕೆ ತೋಟವಿದ್ದವರಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸದೆ ಉಪಾಯವಿಲ್ಲ, ಅದನ್ನು ನಿಲ್ಲಿಸಿ ಎಂದು ನಾನೂ ಹೇಳಲಾರೆ. ಆದರೆ ಅದರಲ್ಲಿರುವ ಮೈಲುತುತ್ತು ಮೀನಿಗೆ ವಿಷ. ಕಪ್ಪೆಗುಂಡಿಯನ್ನು ಅಡಿಕೆ ಮರದ ಬುಡದಲ್ಲಿ ಮಾಡಬೇಡಿ.

ಕಪ್ಪೆಗುಂಡಿ ಎಂದೆನಲ್ಲ, ಮೂರು ನಾಲ್ಕಡಿ ಅಗಲ, ಒಂದೂವರೆ ಅಡಿ ಆಳದ ಹೊಂಡ ಸಾಕು. ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬರುವ ಮನೆಯವರು ಭಾಗ್ಯವಂತರು, ತೊಟ್ಟಿ ತುಂಬಿ ಹೊರಚೆಲ್ಲುವ ನೀರನ್ನೇ ಅತ್ತ ತಿರುಗಿಸಬಹುದು. ಉಳಿದವರು ಮಾಡಿನ ನೀರು ಇಂಗುಗುಂಡಿಗೆ ಹೋಗುವ ದಾರಿಯಲ್ಲಿ ತೋಡಿ. ಮುರಕಲ್ಲಿನಲ್ಲಿ ನೀರು ನಿಲ್ಲದು, ಜೇಡಿಮಣ್ಣು ಮೆತ್ತಬೇಕು. ಒಂದು ಬದಿ ಇಳಿಜಾರಾಗಿರಲಿ, ಬಿದ್ದ ಓತಿಯೋ ಹಕ್ಕಿಮರಿಯೋ ಹತ್ತಿ ಬರಲಿಕ್ಕೆ. ಸೊಳ್ಳೆಯ ಹೆದರಿಕೆಗೆ ಅಂಗಡಿಯ ಗಪ್ಪಿ ಬೇಡ. ಗದ್ದೆ ತೋಡುಗಳಲ್ಲಿ ನೆತ್ತಿಯ ಮೇಲೆ ಬೆಳ್ಳಿಚುಕ್ಕೆ ಹೊಳೆಯುವ ಪುಟ್ಟ ಮೀನು ಇರುತ್ತದೆ. ಬೈರಾಸಿನಲ್ಲಿ ನಾಲ್ಕು ಹಿಡಿದು ತಂದು ಬಿಟ್ಟರೆ ಸೊಳ್ಳೆಮರಿಗಳನ್ನು ಅದು ನೋಡಿಕೊಳ್ಳುತ್ತದೆ. ನಡೆಯಲು ಕಲಿಯುವ ಮಗು ಇರುವ ಮನೆಯಲ್ಲಿ ಮಾತ್ರ ಹೊಂಡ ಬೇಡ, ಜಗಲಿಯಿಂದ ಕಾಣುವಲ್ಲಿ ಮಣ್ಣಿನ ಅಗಲ ಮರಿಗೆಯಿಟ್ಟು ದಿನಾ ನೀರು ಬದಲಿಸಿ. ಏಪ್ರಿಲ್‌ನಲ್ಲಿ ಬಾವಿ ತಳ ಕಾಣುವ ಹೊತ್ತಿಗೆ ಬರುವ ಹಕ್ಕಿಗಳನ್ನು ನೋಡಿದರೆ ಮಕ್ಕಳಿಗೆ ಮೊಬೈಲು ಸ್ವಲ್ಪ ಹೊತ್ತಾದರೂ ಮರೆತುಹೋಗುತ್ತದೆ.

ಒಣಮರ ಕಡಿಯಬೇಡಿ, ಕುಟ್ರ ಹಕ್ಕಿ ಅದರಲ್ಲೇ ತೂತು ಕೊರೆದು ಗೂಡು ಮಾಡುವುದು ಎಂದು ಹಲವರು ಹೇಳುತ್ತಾರೆ. ಸರಿಯೇ, ಹಲಸು, ಹೆಬ್ಬಲಸು, ಕಾಡುಮರವಾದರೆ ಹಾಗೇ ನಿಲ್ಲಿಸಿ. ಕುಟ್ರ ಬಿಟ್ಟ ಪೊಟರೆಗೆ ಮಡಿವಾಳ ಹಕ್ಕಿಯೂ ಬರುವುದುಂಟು. ಸತ್ತ ತೆಂಗಿನ ಮರವನ್ನು ಮಾತ್ರ ನಿಲ್ಲಿಸಿಕೊಳ್ಳಬೇಡಿ, ಕೊಳೆತ ಕಾಂಡದಲ್ಲಿ ಕುರುವಾಯಿ ದುಂಬಿ ಮರಿ ಮಾಡಿ ಪಕ್ಕದ ಹಸಿ ಮರದ ಸುಳಿಗೆ ಹೋಗುತ್ತದೆ. ಹಟ್ಟಿಗೊಬ್ಬರದ ಗುಂಡಿಯೂ ಅದರ ತವರು. ಗೊಬ್ಬರ ಮಗುಚುವಾಗ ಬಿಳಿ ದಪ್ಪ ಹುಳ ಸಿಕ್ಕಿದರೆ ಕೋಳಿಗೆ ಹಾಕಿ. ಗುಂಡಿಗೆ ಬೆರೆಸುವ ಮೆಟರೈಜಿಯಂ ಎಂಬ ಹಸಿರು ಬೂಸ್ಟಿನ ವಿಚಾರವನ್ನು ಕೂಡ್ಲಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ (ಸಿಪಿಸಿಆರ್‌ಐ) ಕೇಳಿದರೆ ತಿಳಿಸುತ್ತಾರೆ.

ತರಗೆಲೆ ಸುಡಬೇಡಿ, ಬುಡಗಳಿಗೆ ಹಾಕಿ. ಇದು ಎಲ್ಲರಿಗೂ ಗೊತ್ತು, ಆದರೂ ಜನವರಿಯಲ್ಲಿ ಊರೆಲ್ಲ ಹೊಗೆ!

ಹಾವಿನ ಮಾತು ಬಂದೇ ಬರುತ್ತದೆ. ಕಪ್ಪೆ, ಇಲಿ ಇದ್ದಲ್ಲಿ ಹಾವು ಬರುವುದು ಸಹಜ. ಕೇರೆ ಹಾವು ಒಂದಿದ್ದರೆ ಅಡಿಕೆ ಅಟ್ಟದ ಇಲಿಗೆ ಬೇರೆ ಮದ್ದು ಬೇಕಿಲ್ಲ. ಆದರೆ ಕೊಳಕುಮಂಡಲದ ಊರು ನಮ್ಮದು, ಧೈರ್ಯದ ಮಾತು ಆಡಿ ಪ್ರಯೋಜನವಿಲ್ಲ. ಮನೆಯ ಗೋಡೆಯಿಂದ ಹತ್ತಡಿ ಸುತ್ತಲೂ ಬರಿನೆಲ ಅಥವಾ ಗಿಡ್ಡ ಹುಲ್ಲು, ಸೌದೆ ಮತ್ತು ಮುರಕಲ್ಲಿನ ರಾಶಿ ಅದರಾಚೆ, ಪೊದೆ ಮತ್ತೂ ಆಚೆ. ರಾತ್ರಿ ಹಟ್ಟಿಗೆ ಹೋಗುವುದಾದರೆ ಟಾರ್ಚು, ಕಾಲಿಗೆ ಚಪ್ಪಲಿ. ಕೋಣೆಯೊಳಗೆ ಹಾವು ಬಂದರೆ ಕೋಲು ಹುಡುಕಬೇಡಿ, ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪಿನಲ್ಲಿ ಹತ್ತಿರದ ಹಾವು ಹಿಡಿಯುವವರ ನಂಬರು ಸಿಗುತ್ತದೆ. ನಾಗಬನವಿರುವ ತರವಾಡಿನವರಿಗೆ ಇದೇ ಹೊತ್ತಿಗೆ ಒಂದು ಮಾತು. ಜೀರ್ಣೋದ್ಧಾರವೆಂದು ಮರ ಕಡಿದು ಗ್ರಾನೈಟ್ ಕಟ್ಟೆ, ತಗಡಿನ ಚಪ್ಪರ ಮಾಡಿಸುವುದನ್ನು ಈಚೆಗೆ ತುಂಬ ಕಾಣುತ್ತೇನೆ. ಬಿಸಿಲಿಗೆ ಕಾದ ಆ ಕಟ್ಟೆಯ ಮೇಲೆ ನಾವೇ ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ.

ಬಾವಲಿಗೂ ಹಾಗೆಯೇ ಹೆದರುತ್ತಾರೆ. 2018ರಲ್ಲಿ ಕೋಯಿಕ್ಕೋಡಿನಲ್ಲಿ ಬಾವಲಿಯಿಂದ ಹರಡುವ ನಿಪಾ ಜ್ವರ ಬಂದ ಮೇಲೆ ಬಾವಲಿ ನೇತಾಡುವ ಮರವನ್ನೇ ಕಡಿಸಿದರೇನು ಎಂದು ಕೇಳುವವರಿದ್ದಾರೆ. ಕಡಿದರೆ ಅವು ಗಾಬರಿಯಲ್ಲಿ ನಾಲ್ಕು ಕಡೆ ಚದುರುತ್ತವೆ. ಕಚ್ಚಿದ ಗುರುತಿರುವ ಹಣ್ಣನ್ನು ಎಸೆಯಿರಿ, ಒಳ್ಳೆಯದನ್ನೂ ತೊಳೆದು ಸಿಪ್ಪೆ ತೆಗೆದು ತಿನ್ನಿ, ಬಾವಿಗೆ ಬಲೆ ಹಾಕಿ.

ರಾತ್ರಿಯಿಡೀ ಉರಿಯುವ ಎಲ್‌ಇಡಿ ಫ್ಲಡ್‌ಲೈಟು ಬೇಡ. ಮೇ ಕೊನೆಗೆ ಮೊದಲ ಮಳೆಗೆ ಏಳುವ ಮಿಂಚುಹುಳಗಳು ಆ ಬೆಳಕಿನಲ್ಲಿ ಒಂದನ್ನೊಂದು ಕಾಣಲಾರವು. ಅವುಗಳ ಮರಿ ಬಸವನಹುಳ ತಿಂದು ಬದುಕುತ್ತದೆ ಎಂಬುದನ್ನು ಹರಿವೆಮಡಿ ಮಾಡಿದವರು ನೆನಪಿಟ್ಟುಕೊಳ್ಳಿ.

ಎಲ್ಲ ಪ್ರಾಣಿಗೂ ಬಾಗಿಲು ತೆರೆಯಬೇಕೆಂದು ನನ್ನ ಅಭಿಪ್ರಾಯವಲ್ಲ. ಕಾಡುಹಂದಿ ಒಂದು ರಾತ್ರಿಯಲ್ಲಿ ಕೆಸು, ಮರಗೆಣಸು, ಬಾಳೆಕಂದು ಎಲ್ಲ ಉತ್ತುಹಾಕುತ್ತದೆ, ಮಂಗ ಎಳನೀರು ಉಳಿಸುವುದಿಲ್ಲ. ನೆಲಕ್ಕೆ ಹೊಂದಿಸಿ ಮುರಕಲ್ಲಿನ ಎರಡು ವರಸೆ, ಮೇಲೆ ಕರಂಡೆ ಬೇಲಿ ಇದ್ದರೆ ಹಂದಿ ಬಹುಮಟ್ಟಿಗೆ ನಿಲ್ಲುತ್ತದೆ. ಅನ್ನ, ಹಣ್ಣಿನ ಸಿಪ್ಪೆಯನ್ನು ಹಿತ್ತಿಲಿಗೆ ಎಸೆಯುವ ಅಭ್ಯಾಸ ಬಿಟ್ಟರೆ ಅರ್ಧ ತೊಂದರೆ ಕಡಿಮೆ. ಮಂಗನಿಗೆ ನನ್ನಲ್ಲೂ ಉಪಾಯವಿಲ್ಲ.

ಸಸಿ ನೆಡುವುದು ಮೇ ಕೊನೆಯ ವಾರದ ಪತ್ತನಾಜೆ ಕಳೆದು ಎರಡು ಒಳ್ಳೆಯ ಮಳೆ ಬಿದ್ದ ಮೇಲೆ. ಪರಿಸರ ದಿನದ ಹೊತ್ತಿಗೆ ಸಾಮಾಜಿಕ ಅರಣ್ಯ ವಿಭಾಗದವರು ಸಸಿ ಕೊಡುತ್ತಾರೆ, ಪಂಚಾಯತಿನಲ್ಲಿ ವಿಚಾರಿಸಿ. ಹಲಸು, ನೇರಳೆ, ರೆಂಜೆಯಂಥ ಮರಗಳನ್ನು ಗೋಡೆಯಿಂದ ಇಪ್ಪತ್ತಡಿಯಾದರೂ ದೂರವಿಡಿ. ಪುನರ್ಪುಳಿ ಅಷ್ಟು ಹರಡದು, ಹತ್ತಿರವಿದ್ದರೂ ಆದೀತು. ಮೊದಲ ಎರಡು ಬೇಸಿಗೆ ಬುಡಕ್ಕೆ ತೆಂಗಿನ ಸಿಪ್ಪೆ ಕವುಚಿ ಹಾಕಿ ಬಚ್ಚಲ ನೀರು ತಾಗಿಸಿದರೆ ಮೂರನೆಯ ಬೇಸಿಗೆಗೆ ಅದು ನಿಮ್ಮನ್ನು ಕೇಳುವುದಿಲ್ಲ. ಗಡಿಗೆ ತೀರ ಹತ್ತಿರ ನೆಟ್ಟರೆ ನೆರೆಮನೆಯ ಬಾವಿಗೆ ಎಲೆ ಉದುರಿ ಮಾತು ಬರುತ್ತದೆ. ನೆಡುವ ಮೊದಲೇ ಅವರನ್ನು ಕರೆದು ಜಾಗ ತೋರಿಸಿ, ಪುನರ್ಪುಳಿ ಬಿಟ್ಟರೆ ಅರ್ಧ ನಿಮಗೇ ಎಂದೂ ಹೇಳಿಬಿಡಿ.