ಜೀರಂಗಿ ಬೆನ್ನಿನ ಒರೆ

ನಾನು ಕುಷ್ಟಗಿ ತಾಲ್ಲೂಕಿನ ಹಳ್ಳಿ ಶಾಲೆಯೊಂದರಲ್ಲಿ ವಿಜ್ಞಾನ ಹೇಳುತ್ತೇನೆ. ಬಿ.ಎಸ್ಸಿ.ಯಲ್ಲಿ ಜೀರಂಗಿ, ಸಗಣಿ ಹುಳಗಳ ಗುಂಪಿನ ಹೆಸರು 'ಕೋಲಿಯಾಪ್ಟೆರಾ' ಅಂತ ಬಾಯಿಪಾಠ ಮಾಡಿದ್ದೆ, ಪರೀಕ್ಷೆ ಮುಗಿದ ಮೇಲೆ ಮರೆತೂಬಿಟ್ಟೆ. ಆ ಪದವನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಮಕ್ಕಳಿಗೆ ಕಲಿಸುವ ಸರದಿ ಬಂದಾಗ ನಾನೇ ಒಡೆದು ನೋಡಿದೆ. ಗ್ರೀಕಿನಲ್ಲಿ ಕೊಲಿಯೋಸ್ ಅಂದರೆ ಕತ್ತಿಯ ಒರೆ, ಪ್ಟೆರಾನ್ ಅಂದರೆ ರೆಕ್ಕೆ. ಒರೆಯಂಥ ರೆಕ್ಕೆಯ ಹುಳ!

ಮೊದಲು ಬೋರ್ಡಿನ ಮೇಲೆ 'ಹೆಲಿಕಾಪ್ಟರ್' ಬರೆದೆ. ಎಲ್ಲರೂ ಹೆಲಿ-ಕಾಪ್ಟರ್ ಅಂತ ಒಡೆದರು. ಅದು ಹೆಲಿಕೋ-ಪ್ಟರ್, ಸುರುಳಿ ಮತ್ತು ರೆಕ್ಕೆ. ಅದೇ ಪ್ಟೆರಾನ್ ಇಲ್ಲೂ ಇದೆ ಅಂದಾಗ ಮಕ್ಕಳ ಮುಖ ನೋಡಬೇಕಿತ್ತು.

ಆಮೇಲೆ ಹುಳ. ಮುಂಗಾರಿನ ದಿನ, ಜಾಲಿ ಗಿಡದಲ್ಲಿ ಸಿಕ್ಕ ಜೀರಂಗಿಯನ್ನು ಹುಡುಗರು ಬೆಂಕಿಪೊಟ್ಟಣದಲ್ಲಿ ತಂದಿದ್ದರು. ಅದನ್ನು ಸುಮ್ನೆ ನೋಡಿ ಬಿಟ್ಟುಬಿಟ್ಟೆವು. ಬೀದಿ ದೀಪದ ಕೆಳಗೆ ಸತ್ತು ಬಿದ್ದಿದ್ದ ಸಗಣಿ ಹುಳದ ಬೆನ್ನಿನ ಗಟ್ಟಿ ಚಿಪ್ಪನ್ನು ಸೂಜಿಯಿಂದ ಎತ್ತಿದೆ. ಆ ಚಿಪ್ಪೇ ಮುಂದಿನ ಜೋಡಿ ರೆಕ್ಕೆ. ಅದರಡಿ ಹಾರುವ ತೆಳು ರೆಕ್ಕೆ ಮಡಚಿಕೊಂಡು ಕೂತಿತ್ತು, ಬಿಡಿಸಿದರೆ ಒರೆಗಿಂತ ಉದ್ದ.

"ಸರ್, ಇದಕ್ಯಾಕ್ರಿ ಒರೆ?" ಅಂದಳು ಒಬ್ಬಳು.

ಮಣ್ಣು, ಸಗಣಿ ತೋಡಿಕೊಂಡು ಹೋಗುವ ಹುಳ ಇದು, ಒರೆ ಇಲ್ಲದಿದ್ದರೆ ಆ ತೆಳು ರೆಕ್ಕೆ ಹರಿದು ಚಿಂದಿಯಾಗುತ್ತದೆ ಅಲ್ವಾ? ಸುಮಾರು 2300 ವರ್ಷಗಳ ಹಿಂದೆಯೇ ಅರಿಸ್ಟಾಟಲ್ ಇದನ್ನು ಕಣ್ಣಾರೆ ನೋಡಿ ಈ ಪದ ಬಳಸಿದ್ದ. ಜೀವಿಗಳನ್ನು ಗುಂಪು ಮಾಡಿ ಹೆಸರಿಟ್ಟ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿ ಅದನ್ನೇ ಈ ಗುಂಪಿನ ಹೆಸರಾಗಿ ಇಟ್ಟುಕೊಂಡ. ಈಗ ಈ ಗುಂಪಿನಲ್ಲಿ ಹೆಸರಿಟ್ಟ ಬಗೆಗಳೇ ಸುಮಾರು 4 ಲಕ್ಷ.

ಮರುವಾರ ಹತ್ತಿ ಹೊಲಕ್ಕೆ ಹೋದೆವು. ಕೆಂಪು ತಿಗಣೆ ನೋಡಿ ಹುಡುಗರು "ಇದೂ ಒರೆ ಹುಳ" ಅಂದರು. ಅಲ್ಲ. ತಿಗಣೆಯ ರೆಕ್ಕೆ ಒಂದರ ಮೇಲೊಂದು ಏರಿ ಕೂರುತ್ತವೆ. ಒರೆ ಹುಳದಲ್ಲಿ ಎರಡೂ ಬೆನ್ನ ನಡುವೆ ನೇರ ಗೆರೆಯಲ್ಲಿ ಕೂಡುತ್ತವೆ. ನೀವೂ ಮಕ್ಕಳಿಗೆ ತೋರಿಸುವುದಾದರೆ ಆ ಗೆರೆಯನ್ನೇ ಹುಡುಕಿಸಿ. ಒಂದು ಎಚ್ಚರಿಕೆ ಮಾತ್ರ: ತೊಗರಿ ಹೂವಿನಲ್ಲಿ ಕಪ್ಪು ಮೈಗೆ ಕಿತ್ತಳೆ ಪಟ್ಟಿಯ ಹುಳ ಕೂತಿರುತ್ತದೆ. ಅದನ್ನು ಮುಟ್ಟಿಸಬೇಡಿ, ಅದರ ರಸ ತಾಗಿದರೆ ಚರ್ಮದ ಮೇಲೆ ಬೊಬ್ಬೆ ಏಳುತ್ತದೆ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಅದೇ ಹುಡುಗಿ. ಅವ್ವ ಜೋಳ ಹಸನು ಮಾಡುವಾಗ ಸಿಕ್ಕ ನುಸಿಯನ್ನು ಕಾಗದದಲ್ಲಿ ಮಡಚಿ ತಂದಿದ್ದಳು. ಭೂತಗನ್ನಡಿ ಹಿಡಿದೆವು. ಎಳ್ಳಿಗಿಂತ ಸ್ವಲ್ಪ ದೊಡ್ಡದಿದ್ದ ಅದರ ಬೆನ್ನಲ್ಲೂ ಆ ನೇರ ಗೆರೆ ಇತ್ತು.