ಸ್ಕಿಪ್ ಹಾಕಿದರೂ ಬೀಳುತ್ತಿದ್ದ ಟೆಸ್ಟ್

ಚಿಕ್ಕಮಗಳೂರಿನಲ್ಲಿ ಮನೆಯಿಂದಲೇ ಕೆಲಸ ನನ್ನದು. ಕಾಫಿ ತೋಟದ ಲೆಕ್ಕ ಇಡುವ ಪುಟ್ಟ ಪೈಥಾನ್ ಪ್ಯಾಕೇಜ್ ಒಂದನ್ನು ನೋಡಿಕೊಳ್ಳುತ್ತೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ 3.12. ಬಳಸುವ ಕೆಲವರ ಹತ್ತಿರ ಇನ್ನೂ 3.9.

ನಮ್ಮ ಕ್ಲಾಸುಗಳು 'ಮ್ಯಾಚ್' (ಮೌಲ್ಯದ ರೂಪ ನೋಡಿ ದಾರಿ ಆರಿಸುವ ಪೈಥಾನ್ ಕೋಡ್) ಜೊತೆ ಸರಿಯಾಗಿ ನಡೆಯುತ್ತವೆಯಾ ಎಂದು ನೋಡಲು ಒಂದು ಟೆಸ್ಟ್ ಬರೆದೆ. ಮ್ಯಾಚ್ ಬಂದಿದ್ದೇ 3.10ರಲ್ಲಿ. ಹಾಗಾಗಿ ಟೆಸ್ಟ್ ಓಡಿಸುವ ಟೂಲ್ ಆದ ಪೈಟೆಸ್ಟ್‌ನ 'ಸ್ಕಿಪ್‌ಇಫ್' ಹಾಕಿದೆ; ಕಂಡೀಷನ್ ನಿಜವಾದರೆ ಆ ಟೆಸ್ಟ್ ಬಿಟ್ಟುಬಿಡು ಅನ್ನುವ ಗುರುತು ಅದು. ಆದರೂ 3.9ರಲ್ಲಿ ಎಲ್ಲವೂ ನಿಂತುಹೋಯಿತು. ಕಿಲೋವನ್ನು 50 ಕೆಜಿ ಮೂಟೆಗೆ ಲೆಕ್ಕ ಹಾಕುವ ಪಾಪದ ಟೆಸ್ಟ್ ಕೂಡ ಓಡಲಿಲ್ಲ!

ಅರ್ಧ ದಿನ ಸುಮ್ನೆ ಕಂಡೀಷನ್ ತಿದ್ದುತ್ತಾ ಕೂತಿದ್ದೆ. ತಪ್ಪು ಅಲ್ಲಿರಲೇ ಇಲ್ಲ. ಸ್ಕಿಪ್ ಮಾಡಬೇಕೋ ಬೇಡವೋ ಅಂತ ನೋಡಲು ಪೈಟೆಸ್ಟ್ ಮೊದಲು ಫೈಲನ್ನು ಇಂಪೋರ್ಟ್ ಮಾಡಬೇಕು, ಅಂದರೆ ಇಡೀ ಫೈಲನ್ನು ಓದಿ ಲೋಡ್ ಮಾಡಬೇಕು. 3.9ಕ್ಕೆ ಮ್ಯಾಚ್ ಓದಲಿಕ್ಕೇ ಬರುವುದಿಲ್ಲ. ಸಿಂಟ್ಯಾಕ್ಸ್ (ಕೋಡ್ ಬರೆಯುವ ರೀತಿ) ಎರರ್ ಅಲ್ಲೇ ಬರುತ್ತದೆ, ಸ್ಕಿಪ್‌ಇಫ್‌ವರೆಗೆ ಹೋಗುವುದೇ ಇಲ್ಲ.

ಈಗ ಎರಡು ಫೋಲ್ಡರ್. ಎಲ್ಲ ಆವೃತ್ತಿಗೂ ಹೊಂದುವವು 'ಸಾಮಾನ್ಯ'ದಲ್ಲಿ, ಹೊಸ ಸಿಂಟ್ಯಾಕ್ಸ್ ಇರುವವು 'ಪೈ310'ರಲ್ಲಿ. ಇವೆರಡರ ಮೇಲಿನ ಫೋಲ್ಡರಿನಲ್ಲಿರುವ ಕಾನ್ಫ್‌ಟೆಸ್ಟ್ (ಪೈಟೆಸ್ಟ್ ಸೆಟ್ಟಿಂಗ್) ಫೈಲಿನಲ್ಲಿ, ಆವೃತ್ತಿ 3.10ಕ್ಕಿಂತ ಹಳೆಯದಾದರೆ ಆ ಫೋಲ್ಡರನ್ನು ಪೈಟೆಸ್ಟ್ ಮುಟ್ಟದೆ ಬಿಡುವ 'ಕಲೆಕ್ಟ್ ಇಗ್ನೋರ್ ಗ್ಲಾಬ್' ಪಟ್ಟಿಗೆ ಸೇರಿಸಿದೆ. ಆವೃತ್ತಿಯನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಹೋಲಿಸಬೇಡಿ, ಹಾಗೆ ನೋಡಿದರೆ 3.9 ದೊಡ್ಡದು, 3.10 ಚಿಕ್ಕದು! (3, 10) ತರಹ ಸಂಖ್ಯೆಗಳ ಟಪಲ್ ಬಳಸಿ.

ಸ್ಕಿಪ್‌ಇಫ್ ಬಿಟ್ಟಿಲ್ಲ. ಸಿಂಟ್ಯಾಕ್ಸ್ ಹಳೆಯದೇ, ನಡವಳಿಕೆ ಮಾತ್ರ ಬೇರೆ ಅನ್ನುವ ಕಡೆ ಅದೇ ಸಾಕು. 3.11ರಲ್ಲಿ ಬಂದ ಟಾಮ್‌ಲಿಬ್ ಮಾಡ್ಯೂಲ್ ತರಹದ್ದಕ್ಕೆ, ಅದು ಸಿಗದಿದ್ದರೆ ಟೆಸ್ಟ್ ಬಿಡುವ 'ಇಂಪೋರ್ಟ್ಆರ್‌ಸ್ಕಿಪ್' ಇದೆ. ಬೇರೆ ಬೇರೆ ಆವೃತ್ತಿಗಳಲ್ಲಿ ಟೆಸ್ಟ್ ಓಡಿಸುವ ಟಾಕ್ಸ್‌ನಲ್ಲಿ 3.9 ಮತ್ತು 3.12 ಎರಡನ್ನೂ ಓಡಿಸಿದೆ. ಎರಡೂ ಹಸಿರು.